‘ಪುಟ್ ಆಫ್’: ಅರ್ಥ ಹಿಡಿದು ತಪ್ಪಿಲ್ಲದೆ ಬಳಸಲು ಒಂದು ಸಮಗ್ರ ಮಾರ್ಗದರ್ಶಿ

ಹಲವು ವರ್ಷಗಳ ಹಿಂದೆ ನಾನು ಕೆಲಸದ ಮೇಲೆ ಹೊರಡಬೇಕಿದ್ದ ಪ್ರಯಾಣವೊಂದು, ಅಲ್ಲಿಯವರು ಸಭೆಯ ದಿನಾಂಕವನ್ನು ಬದಲಿಸಿದ್ದರಿಂದ, ಒಂದು ವಾರ ಮುಂದಕ್ಕೆ ಹೋಯಿತು. ಅದನ್ನು ತಿಳಿಸಲು ಬರೆದ ಇಂಗ್ಲಿಷ್ ಪತ್ರವನ್ನು ನಾನು ‘ಐ ಆಮ್ ಪುಟ್ ಆಫ್ ಬೈ ಯುವರ್ ಮೀಟಿಂಗ್’ ಎಂಬ ವಾಕ್ಯದಿಂದ ಆರಂಭಿಸಿದೆ. ನಿಮ್ಮ ಸಭೆಯ ಕಾರಣದಿಂದ ನನ್ನ ಪ್ರಯಾಣ ಮುಂದೂಡಿಕೆಯಾಗಿದೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಓದಿದವರಿಗೆ ತಲುಪಿದ್ದು ಮಾತ್ರ, ನಿಮ್ಮ ಸಭೆಯೆಂದರೆ ನನಗೆ ಬೇಡವೆನಿಸಿಬಿಟ್ಟಿದೆ ಎಂಬ ಅರ್ಥ. ಮರುದಿನ ಬಂದ ಉತ್ತರ ಬಹಳ ಮರ್ಯಾದೆಯಿಂದ, ಅಷ್ಟೇ ಬಿಗುವಿನಿಂದ, ತಮ್ಮ ಕಡೆಯಿಂದ ಏನು ತಪ್ಪಾಯಿತೆಂದು ಕೇಳಿತ್ತು.

‘ಪುಟ್ ಆಫ್’ ಎಂದರೆ ಮುಂದೂಡುವುದು ಎಂದು ನಾನು ಕಲಿತಿದ್ದೆ, ಮತ್ತು ಆ ಕಲಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಅರ್ಧ ಕಲಿಕೆಯಾಗಿತ್ತು. ಈ ಎರಡು ಪದಗಳ ಜೋಡಿ ಏನನ್ನು ಹೇಳುತ್ತದೆ ಎಂಬುದನ್ನು ನಿರ್ಧರಿಸುವುದು ‘ಪುಟ್’ ಕೂಡ ಅಲ್ಲ, ‘ಆಫ್’ ಕೂಡ ಅಲ್ಲ. ಪುಟ್ ಆಫ್ ಆಗುತ್ತಿರುವುದು ಒಂದು ಕೆಲಸವೋ ಅಥವಾ ಒಬ್ಬ ಮನುಷ್ಯನೋ ಎಂಬುದೇ ಅದನ್ನು ನಿರ್ಧರಿಸುತ್ತದೆ. ಮುಂದೆ ವಿವರಿಸಿರುವ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಮೊದಲ ಹೆಜ್ಜೆ: ಜೋಡಿಯನ್ನು ಒಂದೇ ಪದವೆಂದು ಕಾಣುವುದು

ಕ್ರಿಯಾಪದವೊಂದರ ಜೊತೆಗೆ ‘ಆಫ್’, ‘ಅಪ್’, ‘ಔಟ್’ನಂಥ ಸಣ್ಣ ಪದವೊಂದು ಸೇರಿ, ಬಿಡಿಬಿಡಿಯಾಗಿ ಎರಡಕ್ಕೂ ಇಲ್ಲದ ಹೊಸ ಅರ್ಥ ಹುಟ್ಟಿದರೆ ಅದನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲಿಯೇ, ಪರಭಾಷಿಕರಿಗೆ ಅತ್ಯಂತ ಹೆಚ್ಚು ಕಷ್ಟ ಕೊಡುವುದು ಈ ಬಗೆಯ ಜೋಡಣೆ ಎಂದು ಗುರುತಿಸಿದ್ದ. ಆಗ ಅದಕ್ಕೆ ಈಗಿನ ಹೆಸರು ಇರಲಿಲ್ಲ. ಫ್ರೇಸಲ್ ವರ್ಬ್ ಎಂಬ ಹೆಸರನ್ನು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಬರಹದ ಮೂಲಕ ಪ್ರಚಾರಕ್ಕೆ ತಂದ, ಮತ್ತು ಅದನ್ನು ತನಗೆ ಸೂಚಿಸಿದವನು ನಿಘಂಟುಕಾರ ಹೆನ್ರಿ ಬ್ರಾಡ್ಲಿ ಎಂದು ಹೇಳಿದ.

ಕನ್ನಡಿಗರಿಗೆ ಇಂಥ ಜೋಡಣೆ ಹೊಸದೇನಲ್ಲ. ‘ಕೈಕೊಟ್ಟ’ ಎಂದಾಗ ಯಾರೂ ಯಾರ ಕೈಗೂ ಏನನ್ನೂ ಕೊಟ್ಟಿರುವುದಿಲ್ಲ, ‘ಎತ್ತಿಕಟ್ಟಿದ’ ಎಂದಾಗ ಎತ್ತಿದ್ದೂ ಇಲ್ಲ, ಕಟ್ಟಿದ್ದೂ ಇಲ್ಲ. ಈ ಮಾತುಗಳನ್ನು ನಾವು ಬಿಡಿಸಿ ನೋಡುವುದಿಲ್ಲ, ಇಡಿಯಾಗಿ ನುಂಗಿಕೊಂಡಿದ್ದೇವೆ. ‘ಪುಟ್ ಆಫ್’ ಅನ್ನು ಕೂಡ ಹಾಗೆಯೇ ಇಡಿಯಾಗಿ ಕಲಿಯಬೇಕು. ‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆ, ಆದ್ದರಿಂದ ‘ಆಚೆ ಇಡು’ ಎಂದು ಲೆಕ್ಕ ಹಾಕುವುದು ನೆನಪಿಟ್ಟುಕೊಳ್ಳಲು ಒಂದಿಷ್ಟು ನೆರವಾಗಬಹುದೇ ಹೊರತು ಅಷ್ಟರಿಂದಲೇ ಅರ್ಥ ದಕ್ಕುವುದಿಲ್ಲ.

ರೂಪದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ‘ಪುಟ್’ ಪದಕ್ಕೆ ವರ್ತಮಾನ, ಭೂತ, ಭೂತಕೃದಂತ ಮೂರಕ್ಕೂ ಒಂದೇ ರೂಪ. ‘ಪುಟೆಡ್’ ಎಂಬ ರೂಪ ಈ ಕ್ರಿಯಾಪದಕ್ಕೆ ಇಲ್ಲ. ಅವನು, ಅವಳು, ಅದು ಎಂಬ ಕರ್ತೃಗಳಿದ್ದಾಗ ವರ್ತಮಾನದಲ್ಲಿ ‘ಪುಟ್ಸ್ ಆಫ್’ ಆಗುತ್ತದೆ, ನಡೆಯುತ್ತಿರುವ ಕ್ರಿಯೆಗೆ ‘ಪುಟಿಂಗ್ ಆಫ್’ ಬರುತ್ತದೆ. ಮಾತಾಡುವಾಗ ಎರಡು ಪದಗಳೂ ಕೂಡಿಕೊಂಡು ‘ಪುಟಾಫ್’ ಎಂಬಂತೆ ಕೇಳಿಸುತ್ತವೆ, ಒತ್ತು ಎರಡನೆಯ ಪದದ ಮೇಲೆ ಬೀಳುತ್ತದೆ. ಬರೆಯುವಾಗ ಒಂದು ಎಚ್ಚರ ಬೇಕು: ಈ ‘ಆಫ್’ನಲ್ಲಿ ಎಫ್ ಅಕ್ಷರ ಎರಡು ಸಲ ಬರುತ್ತದೆ. ಒಂದೇ ಎಫ್ ಬರೆದರೆ ಅದು ಷಷ್ಠಿ ವಿಭಕ್ತಿಯ ಕೆಲಸ ಮಾಡುವ ಬೇರೆಯದೇ ಪದ. ಅವೆರಡೂ ಮೂಲದಲ್ಲಿ ಒಂದೇ ಪದವಾಗಿದ್ದವು, ಒತ್ತಿ ಹೇಳಿದ ರೂಪ ಕಾಲಕ್ರಮದಲ್ಲಿ ಬೇರೆಯಾಗಿ ನಿಂತು ಎರಡು ಎಫ್ ಪಡೆಯಿತು ಎಂಬುದು ಕುತೂಹಲದ ಸಂಗತಿಯಾದರೂ, ಇಂದು ಒಂದರ ಬದಲು ಇನ್ನೊಂದನ್ನು ಬರೆದರೆ ಅದು ಕಾಗುಣಿತದ ತಪ್ಪೇ ಸರಿ.

ಎರಡನೆಯ ಹೆಜ್ಜೆ: ಪುಟ್ ಆಫ್ ಆಗುತ್ತಿರುವುದು ಏನು, ಯಾರು ಎಂದು ಕೇಳುವುದು

ವಾಕ್ಯ ಓದುವಾಗಲಾಗಲಿ ಬರೆಯುವಾಗಲಾಗಲಿ ಮೊದಲು ಕರ್ಮಪದವನ್ನು ಹುಡುಕಬೇಕು. ಅದು ಸಭೆ, ಪರೀಕ್ಷೆ, ಮದುವೆ, ಪಂದ್ಯ, ನಿರ್ಧಾರ, ಪ್ರಯಾಣ ಮೊದಲಾದ ಕಾರ್ಯಕ್ರಮ ಅಥವಾ ಕೆಲಸವಾಗಿದ್ದರೆ ಅರ್ಥ ಮುಂದೂಡುವುದು. ‘ದೇ ಪುಟ್ ಆಫ್ ದ ಮೀಟಿಂಗ್’ ಎಂದರೆ ಅವರು ಸಭೆಯನ್ನು ಮುಂದೂಡಿದರು. ‘ಶಿ ಕೆಪ್ಟ್ ಪುಟಿಂಗ್ ಆಫ್ ದ ಡಿಸಿಷನ್’ ಎಂದರೆ ಆಕೆ ತೀರ್ಮಾನ ಮಾಡುವುದನ್ನು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಳು.

ಈ ಎರಡು ಉದಾಹರಣೆಗಳ ನಡುವೆ ಒಂದು ಸೂಕ್ಷ್ಮವಿದೆ. ಮೊದಲನೆಯದರಲ್ಲಿ ಯಾವುದೋ ಕಾರಣಕ್ಕೆ ದಿನವನ್ನು ಬದಲಿಸಿದ್ದಾರೆ, ಅಷ್ಟೆ, ಅದರಲ್ಲಿ ಯಾರ ಮೇಲೂ ಆಕ್ಷೇಪವಿಲ್ಲ. ಎರಡನೆಯದರಲ್ಲಿ ಮನಸ್ಸಿಲ್ಲದ್ದರಿಂದಲೋ, ಅಂಜಿಕೆಯಿಂದಲೋ, ಸೋಮಾರಿತನದಿಂದಲೋ ಕೆಲಸವನ್ನು ದೂರವಿಡುವ ಛಾಯೆಯಿದೆ. ‘ಪುಟ್ ಆಫ್’ ಎರಡಕ್ಕೂ ಸಲ್ಲುತ್ತದೆ, ಆದರೆ ‘ಕೀಪ್’ ಎಂಬ ಪದ ಹಿಂದೆ ಬಂದು ‘ಪುಟಿಂಗ್ ಆಫ್’ ಆದಾಗ ಎರಡನೆಯ ಛಾಯೆಯೇ ಎದ್ದು ಕಾಣುತ್ತದೆ. ಇಂದು ಮಾಡಬಹುದಾದದ್ದನ್ನು ನಾಳೆಗೆ ಪುಟ್ ಆಫ್ ಮಾಡಬೇಡ ಎಂಬ ಇಂಗ್ಲಿಷ್ ಗಾದೆ ಬಳಸಿಕೊಂಡಿರುವುದೂ ಈ ಛಾಯೆಯನ್ನೇ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ 1825ರಲ್ಲಿ, ತನ್ನ ಹೆಸರನ್ನೇ ಇಟ್ಟಿದ್ದ ಮಗುವೊಂದಕ್ಕೆ ಬರೆದ ಪತ್ರದಲ್ಲಿ ಹತ್ತು ಬಾಳಸೂತ್ರಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಮೊದಲನೆಯದು ಈ ಗಾದೆಯೇ. ಗಾದೆ ಅವನಿಗಿಂತ ಹಳೆಯದು.

ಈಗ ಕರ್ಮಪದ ಮನುಷ್ಯನಾಗಿದ್ದರೆ ಏನಾಗುತ್ತದೆ ಎಂಬುದನ್ನು ನೋಡೋಣ. ಇಲ್ಲಿ ಒಂದಲ್ಲ, ಮೂರು ಅರ್ಥಗಳು ಎದುರಾಗುತ್ತವೆ, ಮತ್ತು ಕಲಿಯುವವರು ಎಡವುವುದು ಇಲ್ಲಿಯೇ.

ಒಂದು, ಸಬೂಬು ಹೇಳಿ ಸಾಗಹಾಕುವುದು. ಸಾಲ ವಸೂಲಿಗೆ ಬಂದವನನ್ನೋ, ಉತ್ತರ ಬೇಡಿದವನನ್ನೋ, ಭೇಟಿಗೆ ಬರುತ್ತೇನೆಂದವನನ್ನೋ ಏನೋ ಒಂದು ನೆಪ ಹೇಳಿ ಸದ್ಯಕ್ಕೆ ದೂರ ಕಳಿಸುವುದು. ‘ಹಿ ಪುಟ್ ಮಿ ಆಫ್ ವಿತ್ ಎ ಪ್ರಾಮಿಸ್’ ಎಂದರೆ ಒಂದು ಭರವಸೆ ಕೊಟ್ಟು ಅವನು ನನ್ನನ್ನು ಸಾಗಹಾಕಿದ. ಕನ್ನಡದ ‘ಸಾಗಹಾಕು’ ಎಂಬ ಕ್ರಿಯಾಪದ ಈ ಅರ್ಥಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಯೆಂದರೆ, ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಬೇರೆ ವಿವರಣೆಯೇ ಬೇಕಿಲ್ಲ. ಸಾಗಹಾಕಲು ಬಳಸಿದ ನೆಪ ಯಾವುದೆಂದು ಹೇಳಬೇಕಾದರೆ ಅದರ ಹಿಂದೆ ‘ವಿತ್’ ಬರುತ್ತದೆ ಎಂಬುದನ್ನು ಗಮನಿಸಿ. ಇದೇ ಅರ್ಥದ ಮೃದುವಾದ ಬಳಕೆಯೊಂದೂ ಇದೆ. ಅತಿಥಿಗಳನ್ನು ಕರೆದು, ಆಮೇಲೆ ಆ ದಿನ ಆಗುವುದಿಲ್ಲವೆಂದು ತಿಳಿಸಬೇಕಾಗಿ ಬಂದಾಗ ‘ಐ ಹ್ಯಾಡ್ ಟು ಪುಟ್ ದೆಮ್ ಆಫ್ ಟಿಲ್ ಸಂಡೇ’ ಎನ್ನಬಹುದು, ಅಂದರೆ ಭಾನುವಾರ ಬನ್ನಿ ಎಂದು ಹೇಳಬೇಕಾಯಿತು. ಇಲ್ಲಿ ಕಪಟವೇನೂ ಇಲ್ಲ.

ಎರಡು, ಬೇಡವೆನಿಸುವಂತೆ ಮಾಡುವುದು, ಮನಸ್ಸು ಹಿಂದೆಗೆಯುವಂತೆ ಮಾಡುವುದು. ನನ್ನ ಪತ್ರ ಬಿದ್ದ ಗುಂಡಿ ಇದು. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ಆ ವಾಸನೆಗೆ ನನಗೆ ಬೇಡವೆನಿಸಿತು. ‘ಹಿಸ್ ಟೋನ್ ಪುಟ್ಸ್ ಪೀಪಲ್ ಆಫ್’ ಎಂದರೆ ಅವನ ಮಾತಿನ ಧಾಟಿಗೇ ಜನ ದೂರ ಸರಿಯುತ್ತಾರೆ. ಯಾವುದು ಬೇಡವೆನಿಸಿತು ಎಂದು ಹೇಳಬೇಕಿದ್ದರೆ ‘ಆಫ್’ನ ನಂತರ ಅದನ್ನು ನೇರವಾಗಿ ಇಡಬೇಕು, ನಡುವೆ ಇನ್ನೊಂದು ಸಣ್ಣ ಪದ ಬೇಕಾಗುವುದಿಲ್ಲ: ‘ದಟ್ ಇಲ್‌ನೆಸ್ ಪುಟ್ ಮಿ ಆಫ್ ಮಿಲ್ಕ್’, ಆ ಕಾಯಿಲೆ ಬಂದ ಮೇಲೆ ನನಗೆ ಹಾಲೇ ಸೇರದಂತಾಯಿತು. ಹಾಲಿನ ಜಾಗದಲ್ಲಿ ಒಂದು ಕ್ರಿಯೆ ಇದ್ದರೆ ಅದು ‘ಇಂಗ್’ ಪ್ರತ್ಯಯವನ್ನು ಹೊತ್ತು ಬರುತ್ತದೆ: ‘ದ ಆಕ್ಸಿಡೆಂಟ್ ಪುಟ್ ಹರ್ ಆಫ್ ಡ್ರೈವಿಂಗ್’, ಅಪಘಾತವಾದ ಮೇಲೆ ಆಕೆಗೆ ಗಾಡಿ ಓಡಿಸಲು ಮನಸ್ಸೇ ಬರಲಿಲ್ಲ.

ಈ ಅರ್ಥದ ತೂಕವನ್ನು ತಪ್ಪಾಗಿ ಅಳೆಯಬಾರದು. ಇದು ದ್ವೇಷವಲ್ಲ, ಸಿಟ್ಟೂ ಅಲ್ಲ. ಇದ್ದ ಆಸಕ್ತಿ ಇಳಿದುಹೋಗುವುದು, ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆಯುವುದು ಇದರ ಹುರುಳು. ಆದ್ದರಿಂದಲೇ ಧೈರ್ಯ ಹೇಳುವಾಗ ‘ಡೋಂಟ್ ಲೆಟ್ ದಟ್ ಪುಟ್ ಯು ಆಫ್’ ಎನ್ನುತ್ತಾರೆ, ಅಷ್ಟಕ್ಕೇ ಎದೆಗುಂದಬೇಡಿ ಎಂಬುದು ಅದರ ಕನ್ನಡ. ‘ಡೋಂಟ್ ಬಿ ಪುಟ್ ಆಫ್ ಬೈ ದ ಲೆಂತ್ ಆಫ್ ದ ಫಾರ್ಮ್’ ಎಂಬ ಸೂಚನೆ ಅರ್ಜಿಯ ಉದ್ದ ಕಂಡು ಹಿಂಜರಿಯಬೇಡಿ ಎಂದು ಹೇಳುತ್ತದೆ. ಇದರಿಂದ ಹುಟ್ಟಿದ ವಿಶೇಷಣ ‘ಆಫ್-ಪುಟಿಂಗ್’, ಅದರಲ್ಲಿ ಎರಡು ಪದಗಳು ಜಾಗ ಅದಲುಬದಲು ಮಾಡಿಕೊಂಡಿವೆ. ಈ ವಿಶೇಷಣವನ್ನು ಮುಂದೂಡುವ ಅರ್ಥಕ್ಕೆ ಎಂದಿಗೂ ಬಳಸುವುದಿಲ್ಲ. ‘ಆನ್ ಆಫ್-ಪುಟಿಂಗ್ ಮ್ಯಾನರ್’ ಎಂದರೆ ಹತ್ತಿರ ಹೋಗಲು ಮನಸ್ಸಾಗದಂಥ ನಡವಳಿಕೆ.

ಮೂರು, ಏಕಾಗ್ರತೆ ಕೆಡಿಸುವುದು. ‘ಸ್ಟಾಪ್ ವಾಚಿಂಗ್ ಮಿ, ಯು ಆರ್ ಪುಟಿಂಗ್ ಮಿ ಆಫ್’ ಎಂದರೆ ನೀನು ಹಾಗೆ ನೋಡುತ್ತಾ ನಿಂತರೆ ನನ್ನ ಗಮನ ತಪ್ಪುತ್ತದೆ. ಇದು ಬ್ರಿಟಿಷ್ ಇಂಗ್ಲಿಷಿನಲ್ಲಿ ಹೆಚ್ಚು ಕೇಳಿಬರುವ ಬಳಕೆ. ಆಟಗಾರನೊಬ್ಬ ಹೊಡೆತಕ್ಕೆ ಸಿದ್ಧನಾಗುತ್ತಿರುವಾಗ ಯಾರೋ ಕೆಮ್ಮಿದರೆ, ಭಾಷಣಕಾರನ ಎದುರು ಯಾರದೋ ಮೊಬೈಲ್ ಬಡಿದುಕೊಂಡರೆ ಈ ಮಾತು ಬರುತ್ತದೆ.

ಎರಡನೆಯ ಮತ್ತು ಮೂರನೆಯ ಅರ್ಥಗಳನ್ನು ಬೇರ್ಪಡಿಸುವುದು ಹೇಗೆಂದು ಕೆಲವರು ಕೇಳುತ್ತಾರೆ. ಕೈಯಲ್ಲೊಂದು ಕೆಲಸ ನಡೆಯುತ್ತಿರುವಾಗ ಅದಕ್ಕೆ ಅಡ್ಡಿಯಾದರೆ ಮೂರನೆಯದು, ಕೆಲಸ ಇನ್ನೂ ಶುರುವಾಗದಿರುವಾಗಲೇ ಅದು ಬೇಡವೆನಿಸಿದರೆ ಎರಡನೆಯದು. ಈ ಗೆರೆ ಎಲ್ಲ ವಾಕ್ಯಗಳಲ್ಲೂ ಸ್ಪಷ್ಟವಾಗಿರುತ್ತದೆ ಎಂದು ನಾನು ಹೇಳಲಾರೆ, ಆದರೆ ಬಹುಪಾಲು ಸಂದರ್ಭಗಳಲ್ಲಿ ಇದು ಕೈಹಿಡಿಯುತ್ತದೆ.

ಕರ್ಮಣಿ ಪ್ರಯೋಗದಲ್ಲಿ ಇದೇ ಪರೀಕ್ಷೆಯನ್ನು ವಾಕ್ಯದ ಮೊದಲ ಪದದ ಮೇಲೆ ಮಾಡಬೇಕು. ‘ದ ವೆಡಿಂಗ್ ವಾಸ್ ಪುಟ್ ಆಫ್’ ಎಂಬಲ್ಲಿ ಮೊದಲಿರುವುದು ಮದುವೆ, ಆದ್ದರಿಂದ ಅದು ಮುಂದಕ್ಕೆ ಹೋಯಿತು. ‘ದ ಗೆಸ್ಟ್ಸ್ ವರ್ ಪುಟ್ ಆಫ್’ ಎಂಬಲ್ಲಿ ಮೊದಲಿರುವುದು ಅತಿಥಿಗಳು, ಆದ್ದರಿಂದ ಅವರನ್ನು ಬೇರೆ ದಿನ ಬನ್ನಿ ಎಂದು ಕಳಿಸಿದ್ದಾರೆ, ಇಲ್ಲವೇ ಯಾವುದೋ ಕಾರಣಕ್ಕೆ ಅವರ ಮನಸ್ಸು ಹಿಂದೆಗೆದಿದೆ. ಮುಂದೆ ‘ಬೈ’ ಬಂದು ಒಂದು ಕಾರಣವನ್ನು ಹೇಳಿದರೆ ಬಹುತೇಕ ಎರಡನೆಯ ಅರ್ಥವೇ.

ಮೂರನೆಯ ಹೆಜ್ಜೆ: ಪದಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು

ಕನ್ನಡದಲ್ಲಿ ಕರ್ಮಪದ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ನಂತರ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ‘ಪುಟ್ ಆಫ್’ ಥರದ ಜೋಡಿಗಳಲ್ಲಿ ಕರ್ಮಪದ ಕ್ರಿಯಾಪದದ ನಡುವೆಯೂ ನುಗ್ಗಬಲ್ಲದು, ಮತ್ತು ಇಲ್ಲಿ ನಿಯಮಗಳು ಸಡಿಲವೆಂದು ಕಂಡರೂ ಒಂದು ಕಡೆ ಬಹಳ ಬಿಗಿಯಾಗಿವೆ.

ಕರ್ಮಪದ ಚಿಕ್ಕ ನಾಮಪದವಾಗಿದ್ದರೆ ಎರಡೂ ಜಾಗಗಳು ಸರಿ. ‘ಪುಟ್ ಆಫ್ ದ ಮೀಟಿಂಗ್’ ಎನ್ನಬಹುದು, ‘ಪುಟ್ ದ ಮೀಟಿಂಗ್ ಆಫ್’ ಎಂದೂ ಎನ್ನಬಹುದು, ಅರ್ಥದಲ್ಲಿ ವ್ಯತ್ಯಾಸವಿಲ್ಲ. ಕರ್ಮಪದ ಸರ್ವನಾಮವಾಗಿದ್ದರೆ ಮಾತ್ರ ಅದು ನಡುವೆಯೇ ಬರಬೇಕು. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ‘ಪುಟ್ ದೆಮ್ ಆಫ್’ ಸರಿ, ‘ಪುಟ್ ಆಫ್ ದೆಮ್’ ತಪ್ಪು. ಇದು ಶೈಲಿಯ ಮಾತಲ್ಲ, ವ್ಯಾಕರಣದ ಮಾತು. ಇಂಗ್ಲಿಷ್ ಮಾತೃಭಾಷೆಯವರ ಕಿವಿಗೆ ಎರಡನೆಯ ಕ್ರಮ ತಕ್ಷಣ ಕಚ್ಚುತ್ತದೆ.

ಇದರ ಹಿಂದಿನ ತರ್ಕ ತಿಳಿದರೆ ನಿಯಮವನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಹೊಸ ಸುದ್ದಿ ಸಾಮಾನ್ಯವಾಗಿ ಕೊನೆಯ ಕಡೆಗೆ ಬೀಳುತ್ತದೆ. ‘ಅದು’, ‘ಅವರು’ ಎಂಬ ಸರ್ವನಾಮಗಳು ಹಿಂದೆಯೇ ಹೇಳಿ ಮುಗಿದದ್ದನ್ನು ಸೂಚಿಸುವ ಹಳೆಯ ಸುದ್ದಿ, ಅವಕ್ಕೆ ಕೊನೆಯ ಜಾಗದ ಗೌರವ ಸಲ್ಲುವುದಿಲ್ಲ. ಇದೇ ತರ್ಕದಿಂದ, ಕರ್ಮಪದ ಬಹಳ ಉದ್ದವಾಗಿದ್ದರೆ ಅದನ್ನು ನಡುವೆ ತುರುಕಬಾರದು. ‘ಪುಟ್ ದ ಆನ್ಯುಯಲ್ ಮೀಟಿಂಗ್ ಆಫ್ ಆಲ್ ದ ಮೆಂಬರ್ಸ್ ಆಂಡ್ ದೇರ್ ಫ್ಯಾಮಿಲೀಸ್ ಆಫ್’ ಎಂದು ಬರೆದರೆ ಓದುಗ ಕೊನೆಯ ‘ಆಫ್’ ತಲುಪುವಷ್ಟರಲ್ಲಿ ಮೊದಲ ‘ಪುಟ್’ ಅನ್ನು ಮರೆತಿರುತ್ತಾನೆ. ಅಂಥ ಕಡೆ ಜೋಡಿಯನ್ನು ಒಡೆಯದೆ ‘ಪುಟ್ ಆಫ್’ ಎಂದು ಬರೆದು, ಉದ್ದದ ಕರ್ಮಪದವನ್ನು ನಂತರ ಇಡಬೇಕು.

ಇನ್ನೊಂದು ಮಾತು. ಮನುಷ್ಯನನ್ನು ಕುರಿತ ಮೂರು ಅರ್ಥಗಳಲ್ಲಿ ಕರ್ಮಪದ ನಾಮಪದವಾಗಿದ್ದರೂ ನಡುವೆ ಇಡುವುದೇ ಹೆಚ್ಚು ಸಹಜ. ‘ಇಟ್ ಪುಟ್ಸ್ ಪೀಪಲ್ ಆಫ್’ ಎಂಬುದು ಹಿತವಾಗಿ ಕೇಳಿಸುತ್ತದೆ. ಏನು ಬೇಡವಾಯಿತು ಎಂಬ ಭಾಗವೂ ವಾಕ್ಯದಲ್ಲಿದ್ದರೆ ಬೇರೆ ದಾರಿಯೇ ಇಲ್ಲ, ಮನುಷ್ಯ ನಡುವೆ ಬರಬೇಕು, ಬೇಡವಾದ ವಸ್ತು ಕೊನೆಯಲ್ಲಿ ಬರಬೇಕು.

ಕೆಲಸವನ್ನು ಕ್ರಿಯಾರೂಪದಲ್ಲಿ ಹೇಳುವಾಗಲೂ ನಾವು ದಾರಿ ತಪ್ಪುತ್ತೇವೆ, ಆದರೆ ಅದಕ್ಕೆ ಕಾರಣ ಕನ್ನಡದ ಅಭ್ಯಾಸವಲ್ಲ. ‘ಹೋಗಲು ಮುಂದೂಡಿದೆ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ‘ಹೋಗುವುದನ್ನು ಮುಂದೂಡಿದೆ’ ಎನ್ನುತ್ತೇವೆ. ಇಂಗ್ಲಿಷ್ ಕೂಡ ಹಾಗೆಯೇ ಕೇಳುತ್ತದೆ: ‘ಐ ಪುಟ್ ಆಫ್ ಗೋಯಿಂಗ್’. ಹೀಗೆ ಎರಡು ಭಾಷೆಗಳೂ ಒಪ್ಪಿಕೊಂಡಿರುವಾಗ ‘ಪುಟ್ ಆಫ್ ಟು ಗೋ’ ಎಂಬ ತಪ್ಪು ಎಲ್ಲಿಂದ ಬಂತೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಪ್ರಾಯಶಃ ‘ವಾಂಟ್ ಟು ಗೋ’, ‘ಡಿಸೈಡ್ ಟು ಗೋ’ ಎಂಬ ಸಾಲುಗಳನ್ನು ಶಾಲೆಯಲ್ಲಿ ಅಷ್ಟು ಸಲ ಉರು ಹೊಡೆದಿರುವುದರಿಂದ ‘ಟು’ ತಾನಾಗಿಯೇ ಬಾಯಿಗೆ ಬರುತ್ತದೆ. ತಲೆಯಲ್ಲಿ ‘ಹೋಗುವುದನ್ನು’ ಎಂದುಕೊಂಡು ‘ಗೋಯಿಂಗ್’ ಎಂದು ಬರೆದರೆ ಈ ತಪ್ಪು ನಿಲ್ಲುತ್ತದೆ. ಇಂಥ ‘ಇಂಗ್’ ರೂಪವನ್ನು ಜೋಡಿಯ ನಡುವೆ ಇಡಬಾರದು, ‘ಆಫ್’ನ ನಂತರವೇ ಇಡಬೇಕು.

ನಾಲ್ಕನೆಯ ಹೆಜ್ಜೆ: ಎಂದಿನವರೆಗೆ, ಎಷ್ಟು ದಿನ ಎಂದು ಸೇರಿಸುವುದು

ಹೊಸ ದಿನ ಯಾವುದೆಂದು ಹೇಳಲು ‘ಟಿಲ್’ ಅಥವಾ ‘ಅಂಟಿಲ್’ ಬಳಸಬೇಕು: ‘ಪುಟ್ ಆಫ್ ಟಿಲ್ ಮಂಡೇ’, ಸೋಮವಾರಕ್ಕೆ ಮುಂದೂಡಲಾಯಿತು. ಎಷ್ಟು ಕಾಲ ತಡ ಎಂದು ಹೇಳಲು ‘ಫಾರ್’: ‘ಪುಟ್ ಆಫ್ ಫಾರ್ ಎ ವೀಕ್’, ಒಂದು ವಾರದ ಮಟ್ಟಿಗೆ ಮುಂದೂಡಲಾಯಿತು. ಕನ್ನಡದಲ್ಲಿ ‘ಸೋಮವಾರಕ್ಕೆ’ ಎಂಬ ಚತುರ್ಥಿ ಇರುವುದರಿಂದ ‘ಟು ಮಂಡೇ’ ಎಂದು ಬರೆಯಲು ಕೈ ಹೋಗುತ್ತದೆ. ಅದು ಅರ್ಥವಾಗದ ಮಾತೇನಲ್ಲ, ಆದರೂ ‘ಪುಟ್ ಆಫ್’ನ ಜೊತೆಗೆ ‘ಟಿಲ್’ ಮತ್ತು ‘ಅಂಟಿಲ್’ಗಳೇ ರೂಢಿ.

ಇದಕ್ಕಿಂತ ದೊಡ್ಡ ಅಪಾಯ ದಿಕ್ಕಿನದು. ಕನ್ನಡದಲ್ಲಿ ಭವಿಷ್ಯ ನಮ್ಮ ಮುಂದಿದೆ, ಆದ್ದರಿಂದ ತಡವಾಗಿ ಮಾಡುವುದನ್ನು ‘ಮುಂದಕ್ಕೆ ಹಾಕು’ ಎನ್ನುತ್ತೇವೆ. ಇದನ್ನು ಪದಕ್ಕೆ ಪದವಿಟ್ಟು ‘ಪುಟ್ ಫಾರ್ವರ್ಡ್’ ಎಂದರೆ ಅರ್ಥ ತಲೆಕೆಳಗಾಗುತ್ತದೆ. ಇಂಗ್ಲಿಷಿನಲ್ಲಿ ಸಭೆಯನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡುವುದೆಂದರೆ ನಿಗದಿಯಾದುದಕ್ಕಿಂತ ಮೊದಲೇ ನಡೆಸುವುದು, ‘ಪುಟ್ ಬ್ಯಾಕ್’ ಮಾಡುವುದೆಂದರೆ ತಡವಾಗಿ ನಡೆಸುವುದು. ಒಂದು ಪ್ರಸ್ತಾವವನ್ನು ‘ಪುಟ್ ಫಾರ್ವರ್ಡ್’ ಮಾಡುವುದೆಂದರೆ ಅದನ್ನು ಸಭೆಯ ಮುಂದಿಡುವುದು, ಅದು ಬೇರೆಯೇ ಅರ್ಥ.

ಇಂಗ್ಲಿಷ್ ಮಾತಾಡುವವರಿಗೂ ಈ ದಿಕ್ಕಿನ ವಿಷಯದಲ್ಲಿ ಒಮ್ಮತವಿಲ್ಲ ಎಂಬುದು ನಮಗೆ ಸ್ವಲ್ಪ ಸಮಾಧಾನ ಕೊಡುವ ಸಂಗತಿ. ‘ಮುಂದಿನ ಬುಧವಾರದ ಸಭೆಯನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಲಾಗಿದೆ’ ಎಂಬ ಇಂಗ್ಲಿಷ್ ವಾಕ್ಯವನ್ನು ಓದಿಸಿ, ಸಭೆ ಈಗ ಯಾವ ದಿನ ಎಂದು ಕೇಳುವ ಪ್ರಯೋಗವನ್ನು ಲೆರಾ ಬೊರೊಡಿಟ್ಸ್‌ಕಿ ಮೊದಲಾದ ಮನೋವಿಜ್ಞಾನಿಗಳು ನಡೆಸಿದ್ದಾರೆ. ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಕಾಲ ನಮ್ಮ ಕಡೆಗೆ ಬರುತ್ತಿದೆ ಎಂದು ಕಲ್ಪಿಸಿಕೊಂಡವರಿಗೆ ಸೋಮವಾರ, ನಾವೇ ಕಾಲದಲ್ಲಿ ಮುಂದೆ ಸಾಗುತ್ತಿದ್ದೇವೆ ಎಂದುಕೊಂಡವರಿಗೆ ಶುಕ್ರವಾರ. ‘ಪುಟ್ ಆಫ್’ನಲ್ಲಿ ಈ ಗೊಂದಲವೇ ಇಲ್ಲ. ಅದಕ್ಕೆ ಹಿಂದೆ ಮುಂದೆ ಎಂಬ ದಿಕ್ಕಿಲ್ಲ, ಇರುವುದು ಬರೀ ‘ದೂರ’ ಎಂಬ ಭಾವ. ದೂರವಾಯಿತೆಂದರೆ ತಡವಾಯಿತೆಂದೇ ಅರ್ಥ. ಮುಂದೂಡಿಕೆಯನ್ನು ತಿಳಿಸುವಾಗ ನಾನು ಈ ಜೋಡಿಯನ್ನೇ ಆರಿಸಿಕೊಳ್ಳುವುದಕ್ಕೆ ಇದೊಂದು ಕಾರಣ.

ಐದನೆಯ ಹೆಜ್ಜೆ: ಅಕ್ಕಪಕ್ಕದ ಪದಗಳಿಂದ ಬೇರ್ಪಡಿಸುವುದು

‘ಪೋಸ್ಟ್‌ಪೋನ್’ ಕನ್ನಡದ ಮಾತಿನಲ್ಲೇ ಬೆರೆತಿರುವ ಪದ. ಲ್ಯಾಟಿನ್ ಭಾಷೆಯಲ್ಲಿ ‘ಪೋಸ್ಟ್’ ಎಂದರೆ ನಂತರ, ‘ಪೋನೆರೆ’ ಎಂದರೆ ಇಡು. ಹಾಗಾಗಿ ‘ಪೋಸ್ಟ್‌ಪೋನ್’ ಮತ್ತು ‘ಪುಟ್ ಆಫ್’ ಎರಡರ ಒಳಗೂ ಇರುವುದು ‘ಇಡು’ ಎಂಬ ಒಂದೇ ಕ್ರಿಯೆ. ಒಂದು ಕಚೇರಿಯ ಬಟ್ಟೆ ತೊಟ್ಟಿದೆ, ಇನ್ನೊಂದು ಮನೆಯ ಬಟ್ಟೆಯಲ್ಲಿದೆ. ಅಧಿಕೃತ ಪ್ರಕಟಣೆಗೆ ‘ಪೋಸ್ಟ್‌ಪೋನ್’ ಒಪ್ಪುತ್ತದೆ, ಮಾತಿಗೆ ಮತ್ತು ಸಾಮಾನ್ಯ ಪತ್ರಗಳಿಗೆ ‘ಪುಟ್ ಆಫ್’ ಒಪ್ಪುತ್ತದೆ. ಸೋಮಾರಿತನದ ಛಾಯೆ ಬೇಕಾದ ಕಡೆ ‘ಪುಟ್ ಆಫ್’ ಮಾತ್ರ ಹೊಂದುತ್ತದೆ. ಪಾತ್ರೆ ತೊಳೆಯುವುದನ್ನು ‘ಪೋಸ್ಟ್‌ಪೋನ್’ ಮಾಡಿದೆ ಎಂದರೆ ಅದು ತಮಾಷೆಯಾಗಿ ಕೇಳಿಸುತ್ತದೆ.

ಮುಂದೂಡುವುದಕ್ಕೂ ರದ್ದು ಮಾಡುವುದಕ್ಕೂ ಇರುವ ಅಂತರವನ್ನು ‘ಪುಟ್ ಆಫ್’ ಮತ್ತು ‘ಕಾಲ್ ಆಫ್’ ಕಾಯುತ್ತವೆ. ‘ಕಾಲ್ ಆಫ್’ ಆದ ಪಂದ್ಯ ನಡೆಯುವುದೇ ಇಲ್ಲ, ‘ಪುಟ್ ಆಫ್’ ಆದ ಪಂದ್ಯ ಇನ್ನೊಂದು ದಿನ ನಡೆಯುತ್ತದೆ. ಎರಡರಲ್ಲೂ ‘ಆಫ್’ ಇರುವುದರಿಂದ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುವವರಿದ್ದಾರೆ. ಟಿಕೆಟ್ ಹಣ ವಾಪಸಾಗಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಾಗ ಈ ಅದಲುಬದಲು ಸಣ್ಣ ತಪ್ಪಾಗಿ ಉಳಿಯುವುದಿಲ್ಲ.

‘ಡಿಲೇ’ ಎಂಬುದು ಯಾರೂ ಬಯಸದೆ ಆಗುವ ವಿಳಂಬಕ್ಕೂ ಸಲ್ಲುತ್ತದೆ. ರೈಲು, ವಿಮಾನ, ಅಂಚೆ ತಡವಾದರೆ ಅವು ‘ಡಿಲೇ’ ಆಗುತ್ತವೆ, ‘ಪುಟ್ ಆಫ್’ ಆಗುವುದಿಲ್ಲ. ‘ಪುಟ್ ಆಫ್’ನ ಹಿಂದೆ ಯಾರಾದರೊಬ್ಬರ ತೀರ್ಮಾನ ಇರಲೇಬೇಕು. ‘ಅಡ್ಜರ್ನ್’ ಮಾಡುವುದು ಸಾಮಾನ್ಯವಾಗಿ ಆರಂಭವಾದ ಕಲಾಪವನ್ನು ನಡುವೆ ನಿಲ್ಲಿಸಿ ಇನ್ನೊಂದು ವೇಳೆಗೆ ಇಡುವುದಕ್ಕೆ, ಅದು ನ್ಯಾಯಾಲಯ ಮತ್ತು ಶಾಸನಸಭೆಗಳ ಮಾತು.

ದೀಪ ಆರಿಸುವುದಕ್ಕೂ ‘ಪುಟ್ ಆಫ್’ ಬಳಸುವ ರೂಢಿಯೊಂದಿದೆ. ‘ಪುಟ್ ಆಫ್ ದ ಲೈಟ್’ ಎಂಬ ಮಾತು ಭಾರತೀಯ ಇಂಗ್ಲಿಷಿನಲ್ಲಿ ಎಲ್ಲೆಡೆ ಕೇಳಿಬರುತ್ತದೆ, ಇಂಗ್ಲಿಷ್ ಮಾತೃಭಾಷೆಯವರಲ್ಲಿ ಇಂದು ‘ಟರ್ನ್ ಆಫ್’ ಮತ್ತು ‘ಸ್ವಿಚ್ ಆಫ್’ ಮುಂದಿವೆ. ಇದನ್ನು ನಾನು ತಪ್ಪೆಂದು ಕರೆಯುವುದಿಲ್ಲ, ಆದರೆ ಪರೀಕ್ಷೆಯಲ್ಲಿ ಬರೆಯುವವರು ಉಳಿದೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಕ್ಷೇಮ. ಹಳೆಯ ಬರಹಗಳಲ್ಲಿ ತೊಟ್ಟದ್ದನ್ನು ಕಳಚುವುದಕ್ಕೂ ‘ಪುಟ್ ಆಫ್’ ಇತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಮೋಶೆಗೆ ಪಾದರಕ್ಷೆ ಕಳಚಲು ಹೇಳುವಾಗ ಬರುವುದು ಈ ಜೋಡಿಯೇ. ಇಂದು ಆ ಜಾಗದಲ್ಲಿ ‘ಟೇಕ್ ಆಫ್’ ಕೂತಿದೆ. ದೋಣಿ ದಡ ಬಿಟ್ಟು ಹೊರಡುವುದಕ್ಕೂ ಈ ಮಾತು ಸಲ್ಲುತ್ತಿತ್ತು. ಈ ಎರಡು ಹಳೆಯ ಅರ್ಥಗಳನ್ನು ಓದುವಾಗ ಗುರುತಿಸಿದರೆ ಸಾಕು, ಬರೆಯುವ ಅಗತ್ಯವಿಲ್ಲ.

ಆರನೆಯ ಹೆಜ್ಜೆ: ಬರೆದದ್ದನ್ನು ಒಂದೊಂದೇ ವಾಕ್ಯವಾಗಿ ತಿದ್ದುವುದು

ಈಗ ನನ್ನ ಹಳೆಯ ಪತ್ರಕ್ಕೆ ಮರಳೋಣ. ಅದರ ಮೊದಲ ವಾಕ್ಯ ನನ್ನದೇ, ಉಳಿದ ನಾಲ್ಕನ್ನು ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪುಗಳಿಂದ ನಾನು ಕಟ್ಟಿದ್ದೇನೆ.

‘ಐ ಆಮ್ ಪುಟ್ ಆಫ್ ಬೈ ಯುವರ್ ಮೀಟಿಂಗ್.’ ಇಲ್ಲಿ ಪುಟ್ ಆಫ್ ಆಗಿರುವುದು ‘ಐ’, ಅಂದರೆ ಮನುಷ್ಯ, ಜೊತೆಗೆ ‘ಬೈ’ ಬೇರೆ ಬಂದಿದೆ. ಮುಂದೂಡಿಕೆಯಾದದ್ದು ನಾನಲ್ಲ, ನನ್ನ ಪ್ರಯಾಣ. ಆದ್ದರಿಂದ ವಾಕ್ಯ ಪ್ರಯಾಣದಿಂದ ಆರಂಭವಾಗಬೇಕು: ‘ಮೈ ಟ್ರಿಪ್ ಹ್ಯಾಸ್ ಬೀನ್ ಪುಟ್ ಆಫ್ ಫಾರ್ ಎ ವೀಕ್ ಬಿಕಾಸ್ ಯುವರ್ ಮೀಟಿಂಗ್ ಹ್ಯಾಸ್ ಮೂವ್ಡ್.’

‘ಐ ಹ್ಯಾವ್ ಪುಟ್ ಆಫ್ ಟು ಬುಕ್ ದ ಟಿಕೆಟ್ಸ್.’ ಟಿಕೆಟ್ ಕಾಯ್ದಿರಿಸುವುದನ್ನು ಎಂಬ ಭಾವನಾಮ ಬೇಕು, ಆದ್ದರಿಂದ ‘ಪುಟ್ ಆಫ್ ಬುಕಿಂಗ್ ದ ಟಿಕೆಟ್ಸ್’.

‘ದ ರಿಪೋರ್ಟ್ ಈಸ್ ಡ್ಯೂ ಆನ್ ಫ್ರೈಡೇ ಆಂಡ್ ಐ ವಿಲ್ ನಾಟ್ ಪುಟ್ ಆಫ್ ಇಟ್.’ ಸರ್ವನಾಮ ಕೊನೆಗೆ ಜಾರಿದೆ. ‘ಪುಟ್ ಇಟ್ ಆಫ್’ ಎಂದು ನಡುವೆ ತರಬೇಕು.

‘ಲಾಸ್ಟ್ ಟೈಮ್ ಮೈ ಫ್ಲೈಟ್ ವಾಸ್ ಪುಟ್ ಆಫ್ ಬೈ ರೇನ್.’ ಮಳೆ ತೀರ್ಮಾನ ಮಾಡುವುದಿಲ್ಲ, ಆದ್ದರಿಂದ ಇದು ‘ಡಿಲೇಡ್ ಬೈ ರೇನ್’.

‘ಇಫ್ ಯು ನೀಡ್ ಮೋರ್ ಟೈಮ್, ಯು ಮೇ ಪುಟ್ ಫಾರ್ವರ್ಡ್ ದ ಮೀಟಿಂಗ್ ಬೈ ಟೂ ಡೇಸ್.’ ಹೆಚ್ಚು ಸಮಯ ಬೇಕಾದವರಿಗೆ, ಸಭೆಯನ್ನು ಎರಡು ದಿನ ಮೊದಲೇ ನಡೆಸಿ ಎಂಬ ಸಲಹೆ ಇದರಿಂದ ಹೋಗುತ್ತದೆ. ‘ಪುಟ್ ದ ಮೀಟಿಂಗ್ ಆಫ್ ಫಾರ್ ಟೂ ಡೇಸ್’ ಎಂದು ಬರೆದು, ಪಕ್ಕದಲ್ಲೇ ಹೊಸ ದಿನಾಂಕವನ್ನೂ ಅಂಕಿಯಲ್ಲಿ ಬರೆಯಬೇಕು.